ಹಳದಿ, ಪಟ್ಟೆ, ಚಿಕ್ಕದು: ಕಾಫಿ ತೋಟದ ಕಪ್ಪೆಗಳನ್ನು ನಾನು ವಿಂಗಡಿಸಿದ ಬಗೆ

ಮೊದಲ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಫೀಲ್ಡ್ ಪುಸ್ತಕದಲ್ಲಿ ಮೂರು ಪೊದೆಗಪ್ಪೆಗಳಿದ್ದವು. ಹಳದಿ, ಪಟ್ಟೆ, ಚಿಕ್ಕದು. ಹೆಸರು ಗೊತ್ತಾಗುವ ತನಕ ಹೀಗೇ ಬರೆದುಕೊಳ್ಳುವುದು. ಮಡಿಕೇರಿ ಹತ್ತಿರದ ಒಂದು ಕಾಫಿ ತೋಟ ನನ್ನ ಜಾಗ. ಸಂಜೆ ಏಳಕ್ಕೆ ಹೊರಟರೆ ವಾಪಸ್ಸು ಬರುವುದು ಹನ್ನೊಂದಕ್ಕೆ. ಕಾಲಿಗೆ ಇಂಬಳ, ಕೈಯಲ್ಲಿ ರೆಕಾರ್ಡರ್, ಹಣೆ ಮೇಲೆ ಟಾರ್ಚು, ಜೊತೆಗೆ ತೋಟದ ಕೆಲಸದ ಲೆಕ್ಕ ನೋಡಿಕೊಳ್ಳುವ ರೈಟರ್ ಅಣ್ಣ. ಮೂವತ್ತು ವರ್ಷದಿಂದ ಆ ತೋಟದಲ್ಲಿ ಇರುವವರು.

ಈ ಕಪ್ಪೆಗಳು ಹೆಬ್ಬೆರಳಿನ ತುದಿಯಷ್ಟು ಇರುತ್ತವೆ. ನೀರಿಗೂ ಇಳಿಯುವುದಿಲ್ಲ. ಮೊಟ್ಟೆಯೊಳಗೇ ಗೊದಮೊಟ್ಟೆಯ ಹಂತ ಮುಗಿದು ಪುಟ್ಟ ಕಪ್ಪೆಯೇ ಹೊರಗೆ ಬರುತ್ತದೆ. ಹಾಗಾಗಿ ಹಳ್ಳ, ಕೆರೆ ಬಿಟ್ಟು ಕಾಫಿ ಗಿಡದ ಎಲೆ ಮೇಲೆ ಹುಡುಕಬೇಕು. ಕೂಗು ಕೇಳಿ ಹುಡುಕಬೇಕು ಅನ್ನುವುದೇ ಸರಿ, ಯಾಕೆಂದರೆ ಕಣ್ಣಿಗೆ ಸುಲಭಕ್ಕೆ ಬೀಳುವುದಿಲ್ಲ.

ಮೂರು ಬಣ್ಣ, ಮೂರು ಪ್ರಭೇದ ಅಂತ ನಾನು ಹೆಚ್ಚುಕಡಿಮೆ ತೀರ್ಮಾನ ಮಾಡಿಬಿಟ್ಟಿದ್ದೆ. ಒಂದು ದಿನ ರೈಟರ್ ಅಣ್ಣ ಹೇಳಿದರು: "ಮೇಡಂ, ಕೂಗೋದು ಎರಡೇ ಥರ. ಒಂದು ಗಿಡದ ಮೇಲಿಂದ ಟಿಕ್ ಟಿಕ್ ಅನ್ನುತ್ತೆ, ಇನ್ನೊಂದು ಕೆಳಗೆ ಕಸದ ಹತ್ತಿರ ಸಣ್ಣಗೆ ಕಿರ್ ಅನ್ನುತ್ತೆ. ಮೂರನೇದು ಎಲ್ಲಿ ಬಂತು?" ನನಗೆ ಉತ್ತರ ಹೊಳೆಯಲಿಲ್ಲ. ಅದೇ ವಾರ ಇನ್ನೊಂದು ಆಯಿತು. ರಾತ್ರಿ ನಿಂಬೆಹಣ್ಣಿನ ಹಾಗೆ ಹಳದಿ ಇದ್ದ ಕಪ್ಪೆಯನ್ನು ಅಳತೆಗೆಂದು ಡಬ್ಬಿಯಲ್ಲಿ ಇಟ್ಟಿದ್ದೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಮಾಸಲು ಕಂದು ಬಣ್ಣ, ಬೆನ್ನ ಮೇಲೆ ಗೆರೆಗಳು. ನನ್ನ 'ಪಟ್ಟೆ' ಅದೇ!

ಅಂದರೆ ಬಣ್ಣ ನಂಬುವ ಹಾಗಿಲ್ಲ. ಹಾಗಾದರೆ ಏನು ನಂಬಬೇಕು?

ಮೊದಲು ಅಳತೆ. ಮೂತಿಯಿಂದ ಹಿಂಭಾಗದವರೆಗಿನ ಉದ್ದ, ಕಣ್ಣಿನ ಅಗಲ, ಕಿವಿಯ ಪೊರೆ, ಬೆರಳ ತುದಿಯ ತಟ್ಟೆ, ಕಾಲ್ಬೆರಳ ನಡುವಿನ ಜಾಲಪೊರೆ ಎಲ್ಲಿಯವರೆಗೆ ಇದೆ, ಹೀಗೆ ಇಪ್ಪತ್ತಕ್ಕೂ ಜಾಸ್ತಿ ಅಳತೆಗಳನ್ನು ವರ್ನಿಯರ್ ಕ್ಯಾಲಿಪರ್ ಹಿಡಿದು ತೆಗೆಯುತ್ತೇವೆ. ಆಮೇಲೆ ಕೂಗು. ರೆಕಾರ್ಡ್ ಮಾಡಿದ ತಕ್ಷಣ ಅಲ್ಲಿನ ಉಷ್ಣಾಂಶ ಬರೆದುಕೊಳ್ಳಲೇಬೇಕು. ಕಪ್ಪೆ ತಣ್ಣನೆ ರಕ್ತದ ಪ್ರಾಣಿ, ಚಳಿ ಜಾಸ್ತಿಯಾದರೆ ಕೂಗು ನಿಧಾನ ಆಗುತ್ತದೆ. ಅದು ಗೊತ್ತಿಲ್ಲದೆ ಒಂದೇ ಪ್ರಭೇದದ ಜೂನ್ ಕೂಗು, ಆಗಸ್ಟ್ ಕೂಗು ಬೇರೆ ಬೇರೆ ಅಂತ ಅಂದುಕೊಳ್ಳುವ ಅಪಾಯ ಇದೆ. ಕೊನೆಗೆ ಡಿಎನ್‌ಎ.

ಇದಕ್ಕೆಲ್ಲ ಅರಣ್ಯ ಇಲಾಖೆಯ ಅನುಮತಿ ಬೇಕು. ಅದು ಕೈಗೆ ಬರುವ ಮೊದಲು ಒಂದು ಕಪ್ಪೆಯನ್ನೂ ಮುಟ್ಟಬೇಡಿ. ಮತ್ತೆ ಮಾದರಿಗಳನ್ನು ಕೊಳೆಯದಂತೆ ಕಾಪಾಡುವ ಫಾರ್ಮಲಿನ್‌ಗೆ ಹಾಕುವ ಮುಂಚೆಯೇ ಒಂದು ಚೂರು ಅಂಗಾಂಶ ತೆಗೆದು ಆಲ್ಕೋಹಾಲಿನಲ್ಲಿ ಇಡಿ. ಫಾರ್ಮಲಿನ್ ಡಿಎನ್‌ಎಯನ್ನು ಕೆಡಿಸುತ್ತದೆ, ಆಮೇಲೆ ಏನು ಮಾಡಿದರೂ ಕಷ್ಟ.

ಲ್ಯಾಬ್ ಕೆಲಸ ಕೇಳುವುದಕ್ಕೆ ಸುಲಭ. ಅಂಗಾಂಶವನ್ನು ಪ್ರೋಟಿನೇಸ್ ಕೆ ಅನ್ನುವ ಕಿಣ್ವ ಹಾಕಿ 56 ಡಿಗ್ರಿಯಲ್ಲಿ ರಾತ್ರಿಯಿಡೀ ಕರಗಿಸುವುದು, ಡಿಎನ್‌ಎ ಬೇರ್ಪಡಿಸುವುದು, ಪಿಸಿಆರ್‌ನಲ್ಲಿ 16ಎಸ್ ಅನ್ನುವ ಜೀನ್‌ನ ಸುಮಾರು 550 ಅಕ್ಷರದ (ಡಿಎನ್‌ಎಯ ಅಕ್ಷರ ನಾಲ್ಕೇ: ಎ, ಸಿ, ಜಿ, ಟಿ) ತುಂಡನ್ನು ಕೋಟ್ಯಂತರ ಪ್ರತಿ ಮಾಡುವುದು, ಅಕ್ಷರ ಓದಿಸಲು ಕಳಿಸುವುದು. ಕಪ್ಪೆಗಳ ಮೇಲೆ ಕೆಲಸ ಮಾಡುವ ಹೆಚ್ಚಿನವರು ಶುರು ಮಾಡುವುದು ಈ ಜೀನ್‌ನಿಂದಲೇ. ಬೇರೆ ಕಪ್ಪೆಗಳ 16ಎಸ್ ಅಕ್ಷರಗಳು ಜೆನ್‌ಬ್ಯಾಂಕ್ ಅನ್ನುವ ಆನ್‌ಲೈನ್ ಡಿಎನ್‌ಎ ಭಂಡಾರದಲ್ಲಿ ಸಾರ್ವಜನಿಕವಾಗಿ ಸಿಗುತ್ತವೆ, ಹೋಲಿಸಲು ಅನುಕೂಲ.

ನನ್ನ ಮೊದಲ ಸುತ್ತು ಪೂರ್ತಿ ಹಾಳಾಯಿತು. ಪಿಸಿಆರ್ ಮಾಡುವಾಗ ಒಂದು ಟ್ಯೂಬಿನಲ್ಲಿ ಡಿಎನ್‌ಎ ಬದಲು ಬರೀ ನೀರು ಹಾಕುತ್ತೇವೆ. ಅದರಲ್ಲಿ ಏನೂ ಕಾಣಬಾರದು. ಡಿಎನ್‌ಎ ಇದ್ದರೆ ಗೆರೆಯಾಗಿ ತೋರಿಸುವ ಜೆಲ್‌ನಲ್ಲಿ ನೋಡಿದರೆ ಆ ನೀರಿನ ಸಾಲಿನಲ್ಲೂ ಸ್ಪಷ್ಟವಾಗಿ ಒಂದು ಗೆರೆ ಹೊಳೆಯುತ್ತಿತ್ತು. ಯಾವುದೋ ಕಪ್ಪೆಯ ಡಿಎನ್‌ಎ ದ್ರಾವಣಕ್ಕೇ ಸೇರಿತ್ತು. ಎರಡು ವಾರದ ಕೆಲಸ ಚೆಲ್ಲಿ, ಎಲ್ಲ ದ್ರಾವಣ ಹೊಸದಾಗಿ ಮಾಡಿಕೊಂಡು ಮತ್ತೆ ಶುರು ಮಾಡಿದೆ. ಬೇಜಾರಾಯಿತು, ಅತ್ತೂಬಿಟ್ಟೆ. ಆದರೆ ಆ ನೀರಿನ ಟ್ಯೂಬ್ ಇಡದೇ ಇದ್ದಿದ್ದರೆ ಸುಳ್ಳು ಮರವೊಂದನ್ನು, ಅಂದರೆ ಕಪ್ಪೆಗಳ ತಪ್ಪು ವಂಶವೃಕ್ಷವನ್ನು, ನಿಜ ಅಂತ ನಂಬಿ ಕೂತಿರುತ್ತಿದ್ದೆ.

ಮರ ಅಂದರೆ ಏನು ಅನ್ನುವುದು ನನಗೆ ಸರಿಯಾಗಿ ಅರ್ಥವಾದದ್ದು ಅಪ್ಪನಿಗೆ ವಿವರಿಸುವಾಗ. ಅವರು ಕನ್ನಡ ಮೇಷ್ಟ್ರು. ರಜೆಗೆ ಮನೆಗೆ ಹೋಗಿದ್ದೆ, ಲ್ಯಾಪ್‌ಟಾಪಿನಲ್ಲಿ ಎ, ಸಿ, ಜಿ, ಟಿ ಅಕ್ಷರಗಳ ಸಾಲುಗಳನ್ನು ಒಂದರ ಕೆಳಗೆ ಒಂದು ಜೋಡಿಸುತ್ತಾ ಕೂತಿದ್ದೆ. ಹಿಂದೆ ನಿಂತು ನೋಡಿ ಕೇಳಿದರು, "ಇದು ಗ್ರಂಥ ಸಂಪಾದನೆಯೇ ಅಲ್ವಾ ಮಗಳೇ?"

ನಿಜ! ಹಳಗನ್ನಡ ಕಾವ್ಯವೊಂದರ ಹತ್ತು ಓಲೆಗರಿ ಪ್ರತಿ ಸಿಕ್ಕಿವೆ ಅಂತಿಟ್ಟುಕೊಳ್ಳಿ. ಮೂಲ ಪ್ರತಿ ಎಲ್ಲೂ ಇಲ್ಲ. ಯಾವುದನ್ನು ನೋಡಿ ಯಾವುದನ್ನು ಬರೆದರು ಅಂತ ಸಂಪಾದಕರು ಹೇಗೆ ಕಂಡುಹಿಡಿಯುತ್ತಾರೆ? ತಪ್ಪುಗಳಿಂದ. ಎಲ್ಲ ಪ್ರತಿಯಲ್ಲೂ ಸರಿಯಾಗಿರುವ ಸಾಲು ಏನನ್ನೂ ಹೇಳುವುದಿಲ್ಲ. ಮೂರು ಪ್ರತಿಗಳಲ್ಲಿ ಮಾತ್ರ ಒಂದೇ ಜಾಗದಲ್ಲಿ ಒಂದೇ ತಪ್ಪಿದ್ದರೆ, ಆ ಮೂರೂ ಆ ತಪ್ಪಿದ್ದ ಒಂದೇ ಪ್ರತಿಯಿಂದ ಬಂದಿರಬೇಕು. ನಾವು ಮಾಡುವುದೂ ಇದನ್ನೇ. ನಾಲ್ಕು ಕಾಲು ಇದೆ ಅನ್ನುವುದರಿಂದ ಯಾವ ಕಪ್ಪೆ ಯಾವುದಕ್ಕೆ ಹತ್ತಿರ ಅಂತ ತಿಳಿಯುವುದಿಲ್ಲ, ಎಲ್ಲಕ್ಕೂ ಇದೆ. ಕೆಲವಕ್ಕೆ ಮಾತ್ರ ಹೊಸದಾಗಿ ಬಂದ ಬದಲಾವಣೆ ಬೇಕು. ಇನ್ನೂ ಒಂದು ಹೋಲಿಕೆ ಇದೆ. ಒಬ್ಬರನ್ನೊಬ್ಬರು ನೋಡದ ಇಬ್ಬರು ಲಿಪಿಕಾರರು ಒಂದೇ ತಪ್ಪು ಮಾಡಬಹುದು ಅಲ್ವಾ? ಜೀವಿಗಳಲ್ಲೂ ಹಾಗೇ. ಅಮೆರಿಕದ ಮರಗಪ್ಪೆಗಳಿಗೂ ನಮ್ಮ ಪೊದೆಗಪ್ಪೆಗಳಿಗೂ ಬೆರಳ ತುದಿಯಲ್ಲಿ ತಟ್ಟೆ ಇದೆ, ಆದರೆ ಅದು ಎರಡು ಕಡೆ ಬೇರೆ ಬೇರೆಯಾಗಿ ಹುಟ್ಟಿದ್ದು. ಬರೀ ಬೆರಳು ನೋಡಿ ನೆಂಟಸ್ತನ ಕಟ್ಟಿದರೆ ಕೆಡುತ್ತದೆ.

ಹೊರಗಿನ ಹೋಲಿಕೆಗೆ ನಾನು ಸ್ಯೂಡೋಫಿಲಾಟಸ್ ಕಪ್ಪೆಗಳನ್ನು ಇಟ್ಟುಕೊಂಡೆ. ಅವುಗಳ ಬಹುಪಾಲು ಪ್ರಭೇದಗಳು ಶ್ರೀಲಂಕಾದಲ್ಲಿವೆ. ನಮ್ಮ ಪೊದೆಗಪ್ಪೆಗಳ ಕುಲ ರಾವೊರ್ಕೆಸ್ಟಿಸ್‌ಗೆ ತೀರಾ ಹತ್ತಿರದ ದಾಯಾದಿಗಳು ಅವೇ. ಮರದ ಬೇರು ಎಲ್ಲಿ ಅಂತ ತಿಳಿಯಲು ಇಂಥದ್ದೊಂದು ಹೊರಗಿನದು ಇರಲೇಬೇಕು. ಆಮೇಲೆ ಕಂಪ್ಯೂಟರಿಗೆ ಅದೇ ದತ್ತಾಂಶದಿಂದ ಸಾವಿರ ಸಲ ಚೀಟಿ ಎತ್ತಿದ ಹಾಗೆ ಆಯ್ದು ಆಯ್ದು ಮರ ಕಟ್ಟಲು ಹೇಳುತ್ತೇವೆ. ಸಾವಿರದಲ್ಲಿ ಎಷ್ಟು ಸಲ ಅದೇ ಕೊಂಬೆ ಬಂತು ಅನ್ನುವುದು ಆ ಕೊಂಬೆಯನ್ನು ಎಷ್ಟು ನಂಬಬಹುದು ಅಂತ ಹೇಳುತ್ತದೆ.

ನನ್ನ ಮರದಲ್ಲಿ ಹಳದಿ, ಪಟ್ಟೆ ಎರಡೂ ಒಂದೇ ಗೊಂಚಲಿನಲ್ಲಿ ಬೆರೆತು ಕೂತಿದ್ದವು. ನೂರು ಅಕ್ಷರಕ್ಕೆ ಒಂದರ ವ್ಯತ್ಯಾಸವೂ ಇರಲಿಲ್ಲ. ಚಿಕ್ಕದು ದೂರದ ಇನ್ನೊಂದು ಕೊಂಬೆಯಲ್ಲಿತ್ತು. ಎರಡೇ. ರೈಟರ್ ಅಣ್ಣನಿಗೆ ಫೋನ್ ಮಾಡಿ ಹೇಳಿದೆ. "ನಾನು ಆಗಲೇ ಹೇಳಿದ್ನಲ್ಲ ಮೇಡಂ" ಅಂದರು.

ಎರಡಕ್ಕೂ ಮೊದಲೇ ಹೆಸರಿತ್ತು. ಹಳದಿಯದು ಲ್ಯೂಟಿಯೋಲಸ್, ಚಿಕ್ಕದರದು ಟ್ಯೂಬರೋಹ್ಯೂಮೆರಸ್. 2003ರಲ್ಲಿ ಕುರಮೊಟೊ ಮತ್ತು ಜೋಶಿ ಇವನ್ನು ವಿವರಿಸಿದಾಗ ಕುಲದ ಹೆಸರು ಫಿಲಾಟಸ್ ಅಂತಿತ್ತು. ಆಮೇಲೆ ಡಿಎನ್‌ಎ ಮರ ಕಟ್ಟಿದಾಗ ಇಲ್ಲಿನ ಪೊದೆಗಪ್ಪೆಗಳು ಆಗ್ನೇಯ ಏಷ್ಯಾದ ನಿಜವಾದ ಫಿಲಾಟಸ್‌ಗಳಿಂದ ಬೇರೆಯೇ ಕೊಂಬೆ ಅಂತ ಗೊತ್ತಾಯಿತು. 2010ರಲ್ಲಿ ಅವಕ್ಕೆ ರಾವೊರ್ಕೆಸ್ಟಿಸ್ ಅನ್ನುವ ಹೊಸ ಕುಲ ಮಾಡಿದರು. ಅದರಲ್ಲಿರುವ 'ರಾವ್' ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದ ಸಿ. ಆರ್. ನಾರಾಯಣ ರಾವ್. 1937ರಲ್ಲೇ ಪಶ್ಚಿಮ ಘಟ್ಟದ ಎಷ್ಟೋ ಹೊಸ ಕಪ್ಪೆಗಳನ್ನು ವಿವರಿಸಿದವರು. ಹೆಸರು ಯಾಕೆ ಪದೇ ಪದೇ ಬದಲಾಯಿಸುತ್ತೀರಿ ಅಂತ ಗೆಳೆಯರು ಕೇಳುತ್ತಾರೆ. ಹೆಸರಿನ ಮೊದಲ ಭಾಗ ನೆಂಟಸ್ತನ ಹೇಳುತ್ತದೆ, ನೆಂಟಸ್ತನದ ತಿಳಿವಳಿಕೆ ತಿದ್ದಿದಾಗ ಅದನ್ನೂ ತಿದ್ದಬೇಕು. ನನಗೆ ಅದು ಪ್ರಾಮಾಣಿಕತೆ ಅನ್ನಿಸುತ್ತದೆ.

ಒಂದು ಎಚ್ಚರಿಕೆ ಹೇಳಲೇಬೇಕು. 16ಎಸ್‌ನಲ್ಲಿ ನೂರಕ್ಕೆ ಮೂರು ವ್ಯತ್ಯಾಸ ಇದ್ದರೆ ಹೊಸ ಪ್ರಭೇದ ಅಂತ ಸುಮ್ನೆ ಗೆರೆ ಎಳೆಯುವವರಿದ್ದಾರೆ. ಹಾಗೆ ಮಾಡಬೇಡಿ. ಅದು ಹುಡುಕಲು ಒಂದು ಸೂಚನೆ ಅಷ್ಟೇ. 16ಎಸ್ ತಾಯಿಯ ಕಡೆಯಿಂದ ಮಾತ್ರ ಬರುವ ಜೀನ್, ತಂದೆಯ ಕಡೆಯ ಕತೆ ಅದರಲ್ಲಿಲ್ಲ. ಜೊತೆಗೆ ಜೀವಕೋಶದ ನ್ಯೂಕ್ಲಿಯಸ್‌ನ ಜೀನ್‌ಗಳನ್ನೂ ಓದಬೇಕು, ಕೂಗು, ದೇಹ, ಇರುವ ಜಾಗ ಎಲ್ಲ ಸೇರಿಸಿ ನೋಡಬೇಕು. 2014ರಲ್ಲಿ ಇದೇ ಕುಲದ 9 ಹೊಸ ಪ್ರಭೇದಗಳನ್ನು ಒಂದೇ ಪ್ರಬಂಧದಲ್ಲಿ ವಿವರಿಸಿದವರು ಹೀಗೆ ಹಲವು ಸಾಕ್ಷಿ ಒಟ್ಟಿಗೆ ಇಟ್ಟುಕೊಂಡೇ ಮಾಡಿದ್ದು.

ಈ ಮಾತು ನನಗೀಗ ದಿನಾ ನೆನಪಾಗುತ್ತದೆ. ಕಣಿವೆಯ ಆಚೆ ಬದಿಯ ಶೋಲಾ ಕಾಡಿನಲ್ಲಿ (ಬೆಟ್ಟದ ಹುಲ್ಲುಗಾವಲುಗಳ ನಡುವಿನ ಕಾಡು) ಸಿಕ್ಕ ನಾಲ್ಕು ಕಪ್ಪೆಗಳು ಮರದಲ್ಲಿ ಹಳದಿಯ ಪಕ್ಕದಲ್ಲೇ ಚಿಕ್ಕದೊಂದು ಕವಲಾಗಿ ನಿಂತಿವೆ. ವ್ಯತ್ಯಾಸ ನೂರಕ್ಕೆ ಎರಡು. ಅಳತೆಯಲ್ಲಿ ಏನೂ ಬೇರೆ ಕಾಣುತ್ತಿಲ್ಲ. ಕೂಗು ನನ್ನ ಹತ್ತಿರ ಒಂದೇ ಒಂದು ಇದೆ, ಅದೂ ಮಳೆ ಸದ್ದಿನ ನಡುವೆ. ಪುಸ್ತಕದಲ್ಲಿ 'ಆಚೆಯದು' ಅಂತ ಬರೆದುಕೊಂಡಿದ್ದೇನೆ. ಜೂನ್ ಎರಡನೇ ವಾರಕ್ಕೆ ರೈಟರ್ ಅಣ್ಣ ರಜೆ ಹಾಕಿದ್ದಾರೆ, ಅವರನ್ನೂ ಕರೆದುಕೊಂಡು ಹೋಗಿ ಕೇಳಿಸಬೇಕು.