ಹುಳುಕಡ್ಡಿಗೆ ಮುಲಾಮು ಹಚ್ಚುವ ಮೊದಲು ಟ್ಯೂಬಿನ ಹಿಂಭಾಗ ಓದಿ

ಏಪ್ರಿಲ್ ಬಂತೆಂದರೆ ದಾವಣಗೆರೆಯಲ್ಲಿ ಮೈ ಒಣಗುವ ಹೊತ್ತೇ ಇಲ್ಲ. ಮಂಡಕ್ಕಿ ಭಟ್ಟಿಯ ಮುಂದೆ ಕೂತವರಿಗೂ, ಬೆಣ್ಣೆದೋಸೆ ಕಾವಲಿಯ ಮುಂದೆ ನಿಂತವರಿಗೂ, ಬಿಗಿ ಜೀನ್ಸ್ ತೊಟ್ಟು ಸ್ಕೂಟರ್ ಮೇಲೆ ತಿರುಗುವ ನನ್ನಂಥವರಿಗೂ ಸೊಂಟಪಟ್ಟಿಯ ಕೆಳಗೆ, ತೊಡೆಸಂದಿಯಲ್ಲಿ ಬೆವರು ನಿಂತೇ ಇರುತ್ತದೆ. ಹುಳುಕಡ್ಡಿಗೆ ಬೇಕಾದದ್ದೂ ಅಷ್ಟೇ. ಅಂದಹಾಗೆ, ಹೆಸರಲ್ಲಿ ಹುಳು ಇದ್ದರೂ ಇದು ಹುಳುವಿನ ಕೆಲಸವಲ್ಲ, ಶಿಲೀಂಧ್ರದ್ದು.

ಹೋದ ಬೇಸಿಗೆಯಲ್ಲಿ ನನ್ನ ಸೊಂಟದ ಬಳಿ ಎಂಟಾಣೆ ಅಗಲದ ಉಂಗುರವೊಂದು ಎದ್ದಿತು. ಮೆಡಿಕಲ್ ಶಾಪಿನಲ್ಲಿ ತುರಿಕೆಗೆ ಏನಾದರೂ ಕೊಡಿ ಎಂದೆ. ‘ಎಲ್ಡು ದಿನ ಹಚ್ರೀ, ಹೋಗ್ತತಿ’ ಎಂದು ಟ್ಯೂಬ್ ಕೊಟ್ಟರು. ನಿಜಕ್ಕೂ ಎರಡೇ ದಿನಕ್ಕೆ ತುರಿಕೆ ಮಾಯ! ವಾರ ಹಚ್ಚಿ ಬಿಟ್ಟೆ. ಇನ್ನೊಂದು ವಾರಕ್ಕೆ ಎಂಟಾಣೆ ಹೋಗಿ ಅಂಗೈಯಷ್ಟಾಗಿತ್ತು, ಉಂಗುರದೊಳಗೆ ಇನ್ನೊಂದು ಉಂಗುರ ಬೇರೆ.

ಮೊದಲು ಗುರುತು ಹಿಡಿಯಿರಿ

ಹುಳುಕಡ್ಡಿಯ ಅಂಚು ತುಸು ಉಬ್ಬಿ ಹೊಟ್ಟು ಏಳುತ್ತದೆ, ನಡುವೆ ಚರ್ಮ ಬಹುಪಾಲು ತಿಳಿಯಾಗಿರುತ್ತದೆ. ಪುಸ್ತಕದ ಚಿತ್ರಗಳಲ್ಲಿ ಅಂಚು ಕೆಂಪಗಿರುತ್ತದೆ. ನಮ್ಮ ಎಣ್ಣೆಗಪ್ಪು ಮೈಯಲ್ಲಿ ಅದು ಕಂದು, ಕೆಲವರಿಗೆ ಕಪ್ಪು. ಎದೆ, ಬೆನ್ನಿನ ಮೇಲೆ ತುರಿಕೆ ಅಷ್ಟಿಲ್ಲದೆ ಮಾಸಲು ಬಿಳಿ ಚುಕ್ಕೆಗಳಿದ್ದರೆ ಅದು ಸಿಬ್ಬು.

ಬೆರಳಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ ಸಣ್ಣ ಗುಳ್ಳೆ, ರಾತ್ರಿ ಹಾಸಿಗೆಗೆ ಬಿದ್ದೊಡನೆ ತಡೆಯಲಾರದ ತುರಿಕೆ, ಮನೆಯಲ್ಲಿ ಇನ್ನೊಬ್ಬರಿಗೂ ಅದೇ ಗೋಳು ಎಂದರೆ ಕಜ್ಜಿ ಎಂದೇ ಅನುಮಾನಿಸಬೇಕು. ಅದಕ್ಕೆ ವೈದ್ಯರು ಸಾಮಾನ್ಯವಾಗಿ 5% ಪರ್ಮೆಥ್ರಿನ್ ಬರೆಯುತ್ತಾರೆ. ಕುತ್ತಿಗೆಯಿಂದ ಅಂಗಾಲಿನವರೆಗೆ ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆಯಬೇಕು, ವಾರ ಬಿಟ್ಟು ಮತ್ತೊಮ್ಮೆ. ತುರಿಕೆ ಇಲ್ಲದವರೂ ಸೇರಿ ಮನೆಮಂದಿಯೆಲ್ಲ ಒಂದೇ ರಾತ್ರಿ ಹಚ್ಚದಿದ್ದರೆ ಹಣ ದಂಡ.

ಮಸುಕಾದ ಮಚ್ಚೆ, ಆದರೆ ತುರಿಕೆಯೇ ಇಲ್ಲ ಎನ್ನುವವರು ಕಣ್ಣು ಮುಚ್ಚಿಕೊಂಡು ಬೇರೆಯವರಿಂದ ಅದರ ಮೇಲೆ ಹತ್ತಿಯ ಎಳೆ ತಾಗಿಸಿಕೊಳ್ಳಿ. ಸ್ಪರ್ಶ ತಿಳಿಯದಿದ್ದರೆ ಅದು ಕುಷ್ಠದ ಗುರುತಾಗಿರಬಹುದು. ನೇರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಔಷಧ ಉಚಿತ, 6 ಅಥವಾ 12 ತಿಂಗಳ ಚಿಕಿತ್ಸೆ, ಪೂರ್ತಿ ವಾಸಿಯಾಗುತ್ತದೆ.

ಆಮೇಲೆ ಟ್ಯೂಬ್ ತಿರುಗಿಸಿ

ಹಿಂಭಾಗದ ಇರುವೆಸಾಲಿನ ಅಕ್ಷರಗಳಲ್ಲಿ ಕ್ಲೋಬೆಟಾಸೋಲ್, ಬೀಟಾಮೆಥಾಸೋನ್, ಬೆಕ್ಲೊಮೆಥಾಸೋನ್, ಮೊಮೆಟಾಸೋನ್ ಇವೆಯೇ ನೋಡಿ. ಇವೆಲ್ಲ ಸ್ಟೀರಾಯ್ಡ್. ನನ್ನ ಟ್ಯೂಬಿನಲ್ಲಿ ಸ್ಟೀರಾಯ್ಡ್, ಶಿಲೀಂಧ್ರದ ಔಷಧ, ಆ್ಯಂಟಿಬಯಾಟಿಕ್ ಮೂರೂ ಕಲಸಿದ್ದವು. ತುರಿಕೆ, ಉರಿಯೂತ ಎಂದರೆ ನಮ್ಮ ಮೈ ಶಿಲೀಂಧ್ರದ ಜೊತೆ ಜಗಳಕ್ಕೆ ನಿಂತಿದೆ ಎಂದರ್ಥ. ಸ್ಟೀರಾಯ್ಡ್ ಆ ಜಗಳವನ್ನು ನಿಲ್ಲಿಸುತ್ತದೆ, ಶಿಲೀಂಧ್ರವನ್ನಲ್ಲ. ನಾಯಿ ಕಟ್ಟಿಹಾಕಿ ಕಳ್ಳನನ್ನು ಒಳಗೆ ಬಿಟ್ಟ ಹಾಗೆ. ತೊಡೆಸಂದಿಗೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಬಸುರಿನ ಗೆರೆಗಳಂಥ ಬರೆ ಮೂಡುತ್ತವೆ. ಅವು ಮತ್ತೆ ಅಳಿಸುವುದಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು, ಅಂದರೆ ಚೀಟಿ ಇಲ್ಲದೆ ಮಾರುವಂತಿಲ್ಲ. ನನ್ನನ್ನು ಯಾರೂ ಚೀಟಿ ಕೇಳಲಿಲ್ಲ, ನಾನೂ ಹಿಂದೆ ತಿರುಗಿಸಿ ನೋಡಲಿಲ್ಲ.

ಕೊನೆಗೆ ಚರ್ಮದ ವೈದ್ಯೆಯ ಬಳಿ ಹೋದೆ. ಬ್ಲೇಡಿನಿಂದ ಅಂಚಿನ ಹೊಟ್ಟನ್ನು ಗಾಜಿನ ಪಟ್ಟಿಯ ಮೇಲೆ ಕೆರೆದುಕೊಂಡು, ಒಂದು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಿಟ್ಟರು. ಅದು ಚರ್ಮದ ಕೋಶಗಳನ್ನು ಕರಗಿಸುತ್ತದೆ, ಶಿಲೀಂಧ್ರ ಉಳಿಯುತ್ತದೆ. ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು: ಕವಲೊಡೆದ ಬಿಳಿ ದಾರಗಳು, ಶಾವಿಗೆ ಚೆಲ್ಲಿದ ಹಾಗೆ.

ಹಚ್ಚುವುದು ಹೀಗೆ

ಬರಿಯ ಶಿಲೀಂಧ್ರನಾಶಕ ಮುಲಾಮು ಸಾಕು: ಕ್ಲೋಟ್ರಿಮಜೋಲ್ ಆದರೆ ದಿನಕ್ಕೆರಡು ಸಲ, ಲುಲಿಕೊನಜೋಲ್ ಆದರೆ ಒಂದು ಸಲ. ಸ್ನಾನವಾದ ಮೇಲೆ ಒರೆಸಿ, ಚರ್ಮ ಪೂರ್ತಿ ಒಣಗಲು ಬಿಡಿ. ಉಂಗುರದ ಆಚೆಗೂ 2 ಸೆಂ.ಮೀ.ನಷ್ಟು ಚೆನ್ನಾಗಿರುವ ಚರ್ಮಕ್ಕೆ ಹಚ್ಚಬೇಕು, ಹೊರಗಿನಿಂದ ಒಳಕ್ಕೆ ತಿಕ್ಕುತ್ತ. ಗುರುತು ಹೋದ ಮೇಲೂ ಎರಡು ವಾರ ಬಿಡಬಾರದು. ನಮ್ಮಲ್ಲಿ ಬಹಳಷ್ಟು ಜನ ಕೈಬಿಡುವುದು ಇಲ್ಲೇ.

ಎರಡು ಮೂರು ವಾರಕ್ಕೂ ತಗ್ಗದಿದ್ದರೆ, ಮುಖಕ್ಕೋ ತಲೆಗೋ ಹತ್ತಿದ್ದರೆ, ಬಸುರಿಯರಿಗೆ, ಮಕ್ಕಳಿಗೆ, ಸಕ್ಕರೆ ಕಾಯಿಲೆಯವರಿಗೆ ಬಂದಿದ್ದರೆ ವೈದ್ಯರೇ ನೋಡಬೇಕು. ಈಗ ಭಾರತದಲ್ಲಿ ಹಬ್ಬಿರುವ ಒಂದು ಬಗೆಯ ಹುಳುಕಡ್ಡಿ ಶಿಲೀಂಧ್ರಕ್ಕೆ 2020ರಲ್ಲಿ ಟ್ರೈಕೊಫೈಟಾನ್ ಇಂಡೊಟೀನಿಯೆ ಎಂದೇ ಹೆಸರಿಟ್ಟಿದ್ದಾರೆ. ಅದು ಶಿಲೀಂಧ್ರಕ್ಕೆಂದು ಕೊಡುವ ಟೆರ್ಬಿನಾಫಿನ್ ಮಾತ್ರೆಗೆ ಎಷ್ಟೋ ಸಲ ಜಗ್ಗುವುದಿಲ್ಲ. ಪಕ್ಕದ ಮನೆಯವರ ಮಾತ್ರೆ ಕೇಳಿ ನುಂಗುವುದು ಇದಕ್ಕೇ ಬೇಡ. ಸುಣ್ಣ, ಜಜ್ಜಿದ ಬೆಳ್ಳುಳ್ಳಿ ಚರ್ಮ ಸುಡುತ್ತವೆ, ಅವೂ ಬೇಡ.

ಬಟ್ಟೆ ಮತ್ತು ಉಡಿದಾರ

ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರಿನಲ್ಲಿ ಕೂತು ಪಾಲಿಯೆಸ್ಟರ್ ಚಡ್ಡಿ ಹಾಕುತ್ತೇವೆ! ಸಡಿಲ ಹತ್ತಿ ಬಟ್ಟೆ ತೊಡಿ. ಒಳಉಡುಪು, ಟವೆಲ್ ಬಿಸಿನೀರಲ್ಲಿ ಬೇರೆಯಾಗಿ ಒಗೆದು, ಒಳಮಗ್ಗುಲು ಹೊರಗೆ ಮಾಡಿ ಬಿಸಿಲಿಗೆ ಹಾಕಿ. ಬಿಸಿಲಿಗೇನು ನಮ್ಮಲ್ಲಿ ಬರವಿಲ್ಲ. ಟವೆಲ್ ಒಬ್ಬರಿಗೊಂದು. ಮನೆಯಲ್ಲಿ ಇನ್ನೊಬ್ಬರಿಗೂ ಇದ್ದರೆ ಚಿಕಿತ್ಸೆ ಒಟ್ಟಿಗೇ ಆಗಲಿ.

ವೈದ್ಯೆ ನನ್ನ ಉಡಿದಾರವನ್ನು ಕತ್ತರಿಯ ತುದಿಯಲ್ಲಿ ಎತ್ತಿ, ‘ಇದನ್ನು ಎಂದಾದರೂ ಒಣಗಿಸಿದ್ದೀರಾ?’ ಎಂದರು. ಬೆವರು ಕುಡಿದು ಬಣ್ಣಗೆಟ್ಟ ಆ ದಾರ ಹಾದುಹೋದಲ್ಲೆಲ್ಲ ಉಂಗುರಗಳೂ ಸಾಲಾಗಿ ಎದ್ದಿದ್ದವು. ‘ಬರೀ ಸೊಂಟದಾಗ ಇರಬಾರ್ದು’ ಎಂದು ಅಮ್ಮ ಮುನಿಸಿಕೊಂಡಳು. ವಾಸಿಯಾದ ಮೇಲೆ ಹೊಸದು ಕಟ್ಟುವುದೆಂದು ರಾಜಿಯಾಯಿತು.

ಏಳು ವಾರ ಹಿಡಿಯಿತು. ಈಗ ಉಳಿದಿರುವುದು ಕಪ್ಪು ಕಲೆ. ಹೊಟ್ಟು, ತುರಿಕೆ ಇಲ್ಲದ ಅಂಥ ಕಲೆ ರೋಗವಲ್ಲ, ಮಾಸಲು ಕೆಲವು ತಿಂಗಳು ಬೇಕು. ಅದನ್ನು ಬೆಳ್ಳಗೆ ಮಾಡಲು ಮತ್ತೊಂದು ಕ್ರೀಮ್ ಕೊಳ್ಳಲು ಹೊರಟವರು ಅದರ ಹಿಂಭಾಗವನ್ನೂ ಓದಿ. ಕಲೆ ತಿಳಿಯಾಗಿಸುವ ಎಷ್ಟೋ ಟ್ಯೂಬುಗಳಲ್ಲಿ ಅದೇ ಮೊಮೆಟಾಸೋನ್ ಕೂತಿರುತ್ತದೆ.