ಕಾರಿನ ಕೂಲಂಟ್‌ನಲ್ಲಿ ಗಾಳಿ ಸೇರಿದೆಯಾ? ಮುಚ್ಚಳ ಹಾಕೋಕೆ ಅವಸರ ಬೇಡ

ಹೋಸ್ ಪೈಪ್ ಬದಲಾಯಿಸಿದ್ದಾಯಿತು, ಎಂಜಿನ್ ಬಿಸಿ ಎಳೆದುಕೊಳ್ಳುವ ದ್ರವ, ಅಂದರೆ ಹೊಸ ಕೂಲಂಟ್ ತುಂಬಿದ್ದಾಯಿತು. ಊರೊಳಗೆ ಓಡಿಸಿದಾಗ ಏನೂ ತೊಂದರೆ ಇಲ್ಲ. ಚಾರ್ಮಾಡಿ ಹತ್ತೋಕೆ ಶುರು ಮಾಡಿದಾಗ ಟೆಂಪರೇಚರ್ ಮುಳ್ಳು ಸರ್ರನೆ ಮೇಲೇರುತ್ತದೆ. ನನಗೂ ಹೀಗೇ ಆಗಿತ್ತು, ಆಮೇಲೆ ಗೆಳೆಯರು, ನೆಂಟರು ಒಬ್ಬೊಬ್ಬರಾಗಿ ಇದನ್ನೇ ಮಾಡಿಕೊಂಡು ಬಂದರು. ಎಲ್ಲರ ತಪ್ಪೂ ಒಂದೇ. ರೇಡಿಯೇಟರ್ ಬಾಯಿತನಕ ಬಂತಲ್ಲ ಅಂತ ಮುಚ್ಚಳ ತಿರುಗಿಸಿಬಿಟ್ಟಿದ್ದರು.

ಕೂಲಂಟ್ ಸುರಿದ ಮಾತ್ರಕ್ಕೆ ಒಳಗಿದ್ದ ಗಾಳಿ ಹೊರಗೆ ಬರುವುದಿಲ್ಲ. ಅದು ಎಂಜಿನ್ ಮೇಲ್ಭಾಗದ ಹೆಡ್, ಥರ್ಮೋಸ್ಟಾಟ್ (ಬಿಸಿಯಾದಾಗ ತೆರೆದು ಕೂಲಂಟನ್ನು ರೇಡಿಯೇಟರ್‌ಗೆ ಬಿಡುವ ಬಾಗಿಲು), ಹೀಟರ್ ಪೈಪು, ಹೀಗೆ ಎಲ್ಲಿ ಎತ್ತರವೋ ಅಲ್ಲಿ ಹೋಗಿ ಕೂರುತ್ತದೆ. ಆ ಜಾಗದಲ್ಲಿ ಲೋಹದ ಬಿಸಿ ಎಳೆದುಕೊಳ್ಳೋಕೆ ಕೂಲಂಟೇ ಇರುವುದಿಲ್ಲ.

ಕಂಡುಹಿಡಿಯೋದು ಕಷ್ಟವಲ್ಲ. ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದು ಬರುತ್ತದೆ. ಮುಳ್ಳು ಕಾರಣವಿಲ್ಲದೆ ಹತ್ತಿ ಇಳಿಯುತ್ತದೆ. ಎಂಜಿನ್ ಕಾದಿದ್ದರೂ ಹೀಟರ್ ತಣ್ಣಗೆ ಊದುತ್ತದೆ, ಆಕ್ಸಿಲರೇಟರ್ ಒತ್ತಿದರೆ ಬಿಸಿ, ಬಿಟ್ಟರೆ ಮತ್ತೆ ತಣ್ಣಗೆ. ನಮ್ಮಲ್ಲಿ ಹೀಟರ್ ಹಾಕೋರೇ ಕಡಿಮೆ ಅಲ್ವಾ, ಅದಕ್ಕೇ ಈ ಗುರುತು ಯಾರ ಕಣ್ಣಿಗೂ ಬೀಳುವುದಿಲ್ಲ. ಇನ್ನು ಮುಳ್ಳು ಸುಮ್ಮನಿದೆ ಅಂತ ಪೂರ್ತಿ ನಂಬಬೇಡಿ. ಸೆನ್ಸರ್ ಸುತ್ತ ಗಾಳಿ ನಿಂತಿದ್ದರೆ ಅದೂ ಸುಳ್ಳು ಹೇಳುತ್ತದೆ.

ಹಂತ 1: ಎಂಜಿನ್ ಪೂರ್ತಿ ಆರಲಿ. ಮುಚ್ಚಳ ಒತ್ತಡ ಹಿಡಿದಿಟ್ಟಿರುವುದರಿಂದ ಒಳಗಿನ ಕೂಲಂಟ್ 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ತೆಗೆದ ಕ್ಷಣ ಕುದಿದು ಮುಖಕ್ಕೇ ಚಿಮ್ಮುತ್ತದೆ. ಬಟ್ಟೆ ಹಾಕಿ ತಿರುಗಿಸಿದರೆ ಏನಾಗಲ್ಲ ಅನ್ನೋರ ಮಾತು ಕೇಳಬೇಡಿ.

ಹಂತ 2: ಕಾರಿನ ಮೂತಿ ಮೇಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಹಿಂದಿನ ಚಕ್ರಕ್ಕೆ ಕಲ್ಲು.

ಹಂತ 3: ಹೀಟರ್ ಗುಬುಟನ್ನು ಕೆಂಪು ಕಡೆಗೆ ಪೂರ್ತಿ ತಿರುಗಿಸಿ, ಎಸಿ ಬೇಡ. ಕೂಲಂಟನ್ನು ಸಣ್ಣ ಧಾರೆಯಲ್ಲಿ ಸುರಿಯುತ್ತಾ ಮೇಲಿನ ದಪ್ಪ ಹೋಸನ್ನು ಆಗಾಗ ಹಿಸುಕಿ. ಗಾಳಿ ಬಿಡುವ ಸ್ಕ್ರೂ ಇರುವ ಕಾರಾದರೆ ಅದನ್ನು ಸಡಿಲ ಮಾಡಿ, ಗುಳ್ಳೆ ನಿಂತು ಬರೀ ಕೂಲಂಟ್ ಬಂದ ಮೇಲೆ ಬಿಗಿ ಮಾಡಿ. ಬಾಯಿಗೆ ಗಟ್ಟಿ ಆಲಿಕೆ ಸಿಕ್ಕಿಸಿ, ಅದರಲ್ಲೂ ಸ್ವಲ್ಪ ಕೂಲಂಟ್ ನಿಂತಿರಲಿ. ನೀರಿನ ಬಾಟಲಿ ಕತ್ತರಿಸಿ ಆಲಿಕೆ ಮಾಡೋರಿದ್ದಾರೆ, ಬಿಸಿ ತಾಗಿದರೆ ಅದು ಮೆತ್ತಗಾಗಿ ವಾಲಿಬಿಡುತ್ತದೆ.

ಇಲ್ಲೊಂದು ಮಾತು. ಬೋರ್‌ವೆಲ್ ನೀರು ಹಾಕಬೇಡಿ, ಅದರ ಉಪ್ಪಿನಂಶ ರೇಡಿಯೇಟರ್ ಒಳಗೆ ಪದರ ಕಟ್ಟುತ್ತದೆ. ಕೂಲಂಟ್ ಅಂತ ಹಸಿರು ಬಣ್ಣದ ನೀರು ಮಾರೋರೂ ಇದ್ದಾರೆ. ನಾನಂತೂ ನೀರು ಬೆರೆಸಿಯೇ ಬರುವ ರೆಡಿ ಮಿಕ್ಸ್ ಕೂಲಂಟ್ ಬಿಟ್ಟು ಬೇರೆ ಮುಟ್ಟುವುದಿಲ್ಲ. ಸೋರಿಕೆ ನಿಲ್ಲಲಿ ಅಂತ ರೇಡಿಯೇಟರ್‌ಗೆ ಅರಿಶಿನ ಪುಡಿ ಸುರಿಯೋದು ಹಳೇ ಲಾರಿ ಬುದ್ಧಿ. ಅದು ಸೋರುವ ತೂತನ್ನಷ್ಟೇ ಅಲ್ಲ, ಹೀಟರ್‌ನ ಸಣ್ಣ ನಾಳಗಳನ್ನೂ ಮುಚ್ಚುತ್ತದೆ.

ಹಂತ 4: ಎಲ್ಲರೂ ಕೆಡಿಸೋದು ಇಲ್ಲೇ. ಮುಚ್ಚಳ ತೆರೆದೇ ಎಂಜಿನ್ ಸ್ಟಾರ್ಟ್ ಮಾಡಿ. ಗುಳ್ಳೆಗಳು ಬರುತ್ತವೆ, ಆಮೇಲೆ ನಿಲ್ಲುತ್ತವೆ. ನಿಂತವು ಅಂತ ಮುಚ್ಚಳ ಹಾಕಿದಿರೋ, ಕೆಟ್ಟಿರಿ. ಥರ್ಮೋಸ್ಟಾಟ್ ಇನ್ನೂ ತೆರೆದೇ ಇಲ್ಲ. ಅದು ಬಾಯಿ ಬಿಡುವುದು ಸಾಮಾನ್ಯವಾಗಿ 82ರಿಂದ 88 ಡಿಗ್ರಿಯಲ್ಲಿ, ಅಲ್ಲಿಯವರೆಗೆ ಎಂಜಿನ್ ಕಡೆಯ ಗಾಳಿ ಬಾಗಿಲ ಹಿಂದೆ ಕಾಯುತ್ತಿರುತ್ತದೆ. ಕಾಲು ಗಂಟೆಯೋ ಇನ್ನೂ ಜಾಸ್ತಿಯೋ ಆಗಬಹುದು, ಕಾಯಿರಿ. ಮೇಲಿನ ಹೋಸನ್ನು ಫ್ಯಾನ್‌ನಿಂದ ದೂರ ಕೈ ಇಟ್ಟು ಮುಟ್ಟಿ ನೋಡುತ್ತಿರಿ. ಉಗುರುಬೆಚ್ಚಗಿದ್ದದ್ದು ಇದ್ದಕ್ಕಿದ್ದಂತೆ ಕೈ ಇಡಲಾಗದಷ್ಟು ಬಿಸಿಯಾದರೆ ಬಾಗಿಲು ತೆರೆಯಿತು ಅಂತ. ಆಗ ದೊಡ್ಡ ಗುಳ್ಳೆಯೊಂದು ಗುಳುಕ್ ಅಂತ ಬಂದು ಮಟ್ಟ ದಿಢೀರನೆ ಇಳಿಯುತ್ತದೆ. ಮತ್ತೆ ತುಂಬಿ. ಒಬ್ಬರು ಆಕ್ಸಿಲರೇಟರ್ ನಿಧಾನ ಒತ್ತಿ 2000 ಆರ್‌ಪಿಎಂನಲ್ಲಿ ಸ್ವಲ್ಪ ಹೊತ್ತು ಹಿಡಿಯಲಿ, ಬಿಡಲಿ. ಮುಳ್ಳಿನ ಮೇಲೂ ಕಣ್ಣಿರಲಿ, ಕೆಂಪಿನ ಕಡೆ ಹೊರಟರೆ ಎಂಜಿನ್ ಆಫ್ ಮಾಡಿ ಆರಲು ಬಿಡಿ. ರೇಡಿಯೇಟರ್ ಫ್ಯಾನ್ ಎರಡು ಸಲ ತಿರುಗಿ ನಿಂತು, ಹೀಟರ್‌ನಲ್ಲಿ ಬಿಸಿಗಾಳಿ ಒಂದೇ ಸಮ ಬರತೊಡಗಿದ ಮೇಲಷ್ಟೇ ಮುಚ್ಚಳ.

'ಥರ್ಮೋಸ್ಟಾಟ್ ಕಿತ್ತು ಬಿಸಾಕಿ ಸಾರ್, ತಲೆನೋವೇ ಇರಲ್ಲ' ಅಂತ ಹೇಳುವ ಮೆಕ್ಯಾನಿಕ್ ಸಿಕ್ಕರೆ ಅಲ್ಲಿಂದ ಹೊರಡಿ. ಅದಿಲ್ಲದಿದ್ದರೆ ಎಂಜಿನ್ ಸರಿಯಾಗಿ ಬಿಸಿಯೇರುವುದಿಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ.

ಎಷ್ಟು ಹೊತ್ತಾದರೂ ಗುಳ್ಳೆ ನಿಲ್ಲುತ್ತಿಲ್ಲವಾ? ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ ಎರಡೇ ನಿಮಿಷಕ್ಕೆ ಹೋಸ್ ಕಲ್ಲಿನಂತಾಗುತ್ತದಾ? ಹಾಗಾದರೆ ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಎಂಜಿನ್ ಬ್ಲಾಕ್ ನಡುವೆ ಸೋರದಂತೆ ಕೂರಿಸಿದ ಹಾಳೆ) ಮೇಲೆ ಅನುಮಾನ ಪಡಿ. ಸಿಲಿಂಡರ್‌ನ ಹೊಗೆ ಕೂಲಂಟ್‌ಗೆ ನುಗ್ಗುತ್ತಿರಬಹುದು. ಅದನ್ನು ಗ್ಯಾರೇಜ್‌ನಲ್ಲೇ ನೋಡಿಸಬೇಕು, ಮನೆ ಮುಂದೆ ಮುಗಿಯುವ ಕೆಲಸವಲ್ಲ.

ಹಂತ 5: ನೆಲಕ್ಕೆ ಚೆಲ್ಲಿದ್ದನ್ನು ತೊಳೆಯಿರಿ. ಕೂಲಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ ನೆಕ್ಕಿದರೆ ಪ್ರಾಣಕ್ಕೇ ಕುತ್ತು.

ಮಾರನೇ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಮತ್ತೆ ಮಟ್ಟ ನೋಡಿ. ಸ್ವಲ್ಪ ಇಳಿದಿರುತ್ತದೆ, ತುಂಬಿ. ರೇಡಿಯೇಟರ್ ಪಕ್ಕದ ಕೂಲಂಟ್ ಡಬ್ಬಿಯಲ್ಲೂ ಮಟ್ಟ ಎರಡು ಗೀಟುಗಳ ನಡುವೆ ಇರಲಿ. ನಾಲ್ಕನೇ ದಿನವೂ ಇಳಿಯುತ್ತಲೇ ಇದ್ದರೆ ಅದು ಗಾಳಿಯಲ್ಲ, ಎಲ್ಲೋ ಸೋರುತ್ತಿದೆ. ಹೋಸ್ ಕ್ಲಿಪ್‌ಗಳಿಂದ ಹುಡುಕೋಕೆ ಶುರು ಮಾಡಿ.