ಪರಾಗವೇ ಉಳಿಯದ ಹೂಳಿನಿಂದ ಮಳೆಯ ಲೆಕ್ಕ ತೆಗೆದ ಬಗೆ

ಬೇಸಿಗೆ ಬಂದರೆ ಒಣಗಿ ಬಿರುಕು ಬಿಡುವ ತಗ್ಗಿನ ಹೂಳಿನಲ್ಲಿ ಹಳೆಯ ಹವಾಮಾನ ಹುಡುಕಬೇಡಿ ಎಂಬುದು ನಮ್ಮ ಕಸುಬಿನಲ್ಲಿ ಎಲ್ಲರೂ ಹೇಳುವ ಮಾತು. ಆಳವಾದ, ಎಂದೂ ಬತ್ತದ ಸರೋವರ ಬೇಕು, ತಳದಲ್ಲಿ ಆಮ್ಲಜನಕ ಇರಬಾರದು, ಪದರಗಳು ಕದಡಿರಬಾರದು. ನಾನು ಆರಿಸಿಕೊಂಡ ಜಾಗದಲ್ಲಿ ಈ ಮೂರರಲ್ಲಿ ಒಂದೂ ಇರಲಿಲ್ಲ. ಪರಾಗಶಾಸ್ತ್ರದಲ್ಲಿ ನನಗಿಂತ ಬಹಳ ಹಿರಿಯರಾದ ಒಬ್ಬರು, 'ಹೊಳೆಯಲ್ಲಿ ಹುಣಸೆಹಣ್ಣು ಹಿಂಡಿದಂತಾಗುತ್ತದೆ, ಆ ದುಡ್ಡನ್ನು ಬೇರೆ ಕಡೆ ಹಾಕಿ' ಎಂದಿದ್ದರು. ಈಗ ಅದೇ ಹೂಳಿನ ಮೂರು ಮೀಟರಿನಿಂದ ಹೆಚ್ಚುಕಡಿಮೆ 11,000 ವರ್ಷಗಳ ಮಳೆಯ ಏರಿಳಿತ ಕೈಗೆ ಬಂದಿದೆ. ಹುಲ್ಲಿನ ಸಿಲಿಕಾ ಕಣಗಳು, ಹೂಳಿನ ಇಂಗಾಲ ಎಂಬ ಎರಡು ಬೇರೆ ಬೇರೆ ಸಾಕ್ಷ್ಯಗಳು ಒಂದನ್ನೊಂದು ಒಪ್ಪುತ್ತಿವೆ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಯಾವ ಕಾಲದಲ್ಲಿ ಯಾವ ಗಿಡ ಬೆಳೆದಿತ್ತು ಎಂದು ಹೇಳುವ ಪರಾಗದ ಕಥೆ ಬೇಗ ಮುಗಿಯಿತು. ಪರಾಗ ಬಿಟ್ಟು ಉಳಿದದ್ದನ್ನು ಕರಗಿಸುವ ಹೈಡ್ರೋಕ್ಲೋರಿಕ್, ಹೈಡ್ರೋಫ್ಲೋರಿಕ್, ಅಸಿಟೋಲಿಸಿಸ್ ಎಂಬ ಆಮ್ಲದ ಹಂತಗಳನ್ನೆಲ್ಲ ಕ್ರಮವಾಗಿ ಮಾಡಿದ್ದಾಯಿತು. ಸ್ಲೈಡಿನ ತುಂಬ ಲೆಕ್ಕಕ್ಕೆಂದು ನಾನೇ ಹಾಕಿದ ಲೈಕೊಪೋಡಿಯಂ ಎಂಬ ಗಿಡದ ಬೀಜಕಗಳು. ನಡುವೆ ಎಲ್ಲೋ ಒಂದು ಹುಲ್ಲಿನ ಪರಾಗ, ಅದೂ ಮುದುಡಿ ತೂತು ಬಿದ್ದದ್ದು. ಪರಾಗದ ಹೊರಪದರ ಆಮ್ಲಕ್ಕೆ ಜಗ್ಗುವುದಿಲ್ಲ, ಆದರೆ ವರ್ಷ ವರ್ಷ ನೆನೆದು ಒಣಗುವುದನ್ನು ತಾಳುವುದಿಲ್ಲ. ಮೇಲಿನ ಹತ್ತಿಪ್ಪತ್ತು ಸೆಂಟಿಮೀಟರ್ ಬಿಟ್ಟರೆ ಲೆಕ್ಕಕ್ಕೆ ಬೇಕಾದ ಮುನ್ನೂರು ಪರಾಗದ ಎಣಿಕೆ ಎಲ್ಲಿಯೂ ತುಂಬಲಿಲ್ಲ. ಮೊದಲ ಕಂತಿನ ಹಣದಲ್ಲಿ ಸುಮಾರು ಕಾಲು ಭಾಗ ಈ ಆಮ್ಲಗಳಿಗೆ ಮತ್ತು ಅವುಗಳ ಆವಿ ಹೊರಹಾಕುವ ಹೊಗೆಗೂಡಿನ ಬಾಡಿಗೆಗೆ ಹೋಯಿತು.

ಆದರೆ ಪ್ರತಿ ಮಾದರಿಯ ಅರ್ಧವನ್ನು ಆಮ್ಲ ಮುಟ್ಟಿಸದೆ ತೆಗೆದಿಟ್ಟಿದ್ದೆ. ನನ್ನ ಕೆಲಸ ಉಳಿದದ್ದು ಅದರಿಂದಲೇ. ಪರಾಗ ಸ್ವಚ್ಛಗೊಳಿಸುವ ಹೈಡ್ರೋಫ್ಲೋರಿಕ್ ಆಮ್ಲ ಗಿಡದ ಕೋಶಗಳಲ್ಲಿ ಮೂಡುವ ಸೂಕ್ಷ್ಮ ಸಿಲಿಕಾ ಕಣಗಳಾದ ಫೈಟೋಲಿತ್‌ಗಳನ್ನು ಕರಗಿಸಿಬಿಡುತ್ತದೆ. ಪರಾಗ ಸಿಗಲಿಲ್ಲ ಎಂದು ಎಷ್ಟೋ ಜನ ಮುಚ್ಚಿಟ್ಟ ಡಬ್ಬಿಗಳಲ್ಲಿ ಹುಲ್ಲಿನ ಸಿಲಿಕಾ ಇಡಿಯಾಗಿ ಕುಳಿತಿರುತ್ತದೆ. ಆಮ್ಲಜನಕದಿಂದ ಅದಕ್ಕೆ ಏನೂ ಆಗುವುದಿಲ್ಲ, ಕ್ಷಾರ ವಿಪರೀತ ಏರಿದರೆ ಮಾತ್ರ ಅಪಾಯ. ನನ್ನ ಹೂಳಿನ ಪಿಎಚ್ ಎಂಟರ ಆಸುಪಾಸು, ಒಂಬತ್ತು ಎಲ್ಲಿಯೂ ದಾಟಿರಲಿಲ್ಲ. ಡಾರ್ವಿನ್ ಬೀಗಲ್ ಹಡಗಿನ ಮೇಲೆ ಕೂಡಿಸಿದ ಧೂಳಿನಲ್ಲಿ ಜರ್ಮನ್ ವಿಜ್ಞಾನಿ ಎಹ್ರೆನ್‌ಬರ್ಗ್ ಗುರುತಿಸಿದ ಕಣಗಳಲ್ಲಿ ಫೈಟೋಲಿತ್‌ಗಳೂ ಇದ್ದವು. ಅಷ್ಟು ಹಳೆಯ ಪರಿಚಯವಿದ್ದರೂ ಇವನ್ನು ಇಂದಿಗೂ ಎರಡನೇ ದರ್ಜೆಯ ಸಾಕ್ಷ್ಯವೆಂದೇ ನೋಡುತ್ತಾರೆ. ಅದು ಅನ್ಯಾಯ.

ಮಾದರಿ ತೆಗೆಯಲು ಕೊರೆಯುವ ಯಂತ್ರದ ಬಾಡಿಗೆ ಕೇಳಿದಾಗಲೇ ಆ ದಾರಿ ಕೈಬಿಟ್ಟೆ. ಗಟ್ಟಿ ಜೇಡಿಯಲ್ಲಿ ಕೊಳವೆ ಇಳಿಸಿದರೆ ಹೂಳು ಒತ್ತಿಕೊಂಡು ಆಳದ ಅಳತೆಯೇ ಕೆಡುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಕೊಳವೆ ಬಿರುಕಿನೊಳಗೆ ಇಳಿಯಿತೋ ಬಿರುಕುಗಳ ನಡುವಿನ ಗಡ್ಡೆಯೊಳಗೆ ಇಳಿಯಿತೋ ಗೊತ್ತಾಗುವುದೇ ಇಲ್ಲ. ತಗ್ಗು ಪೂರ್ತಿ ಒಣಗಿದ ಮೇಲೆ ಕಂದಕ ತೋಡಿಸಿದೆ. ಗೋಡೆ ಕೆರೆದು ನೋಡಿದರೆ ಬಿರುಕುಗಳೆಲ್ಲ ಕಣ್ಣಿಗೆ ಬೀಳುತ್ತವೆ. ಮೇಲಿನ ಬೂದು ಮಣ್ಣು ಅವುಗಳಲ್ಲಿ ಇಳಿದು ತುಂಬಿಕೊಂಡಿತ್ತು. ಕಂದಕದ ಖರ್ಚು ಕೊರೆತದ ಐದನೇ ಒಂದು ಭಾಗವೂ ಆಗಲಿಲ್ಲ.

'ಉಬ್ಬುವ ಜೇಡಿ ತನ್ನನ್ನು ತಾನೇ ಮಗುಚಿಕೊಳ್ಳುತ್ತದೆ, ನಿಮ್ಮ ಪದರಗಳೆಲ್ಲ ಸುಳ್ಳು' ಎಂಬುದು ಎಲ್ಲರ ದೊಡ್ಡ ಆಕ್ಷೇಪ. ಅದಕ್ಕೆ ಸೀಸಿಯಂ-137 ಬಳಸಿದೆ. ಅಣುಬಾಂಬ್ ಪರೀಕ್ಷೆಗಳಿಂದ ಬಿದ್ದ ಈ ವಿಕಿರಣಶೀಲ ಧಾತು 1963ರ ಸುಮಾರಿಗೆ ಉಚ್ಛ್ರಾಯ ಮುಟ್ಟಿತ್ತು, ಜೇಡಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಎಲ್ಲರೂ ಇದನ್ನು ಹೊಸ ಹೂಳಿನ ವಯಸ್ಸಿಗೆ ಬಳಸುತ್ತಾರೆ, ನಾನು ಕದಡುವಿಕೆ ಅಳೆಯಲು ಬಳಸಿದೆ. ಒಂದೇ ಆಳದಲ್ಲಿ ಬಿರುಕಿನ ತುಂಬುಮಣ್ಣಿನದೊಂದು, ಪಕ್ಕದ ಗಡ್ಡೆಯ ನಡುಭಾಗದ್ದೊಂದು ಎಂದು ಜೋಡಿ ಮಾದರಿ ತೆಗೆದೆ. ಬಿರುಕಿನಲ್ಲಿ ಅರುವತ್ತು, ಎಪ್ಪತ್ತು ಸೆಂಟಿಮೀಟರ್‌ವರೆಗೂ ಸೀಸಿಯಂ ಸಿಕ್ಕಿತು. ಗಡ್ಡೆಯ ನಡುವೆ ಹದಿನೈದು ಸೆಂಟಿಮೀಟರಿನ ಕೆಳಗೆ ಸುಳಿವೇ ಇರಲಿಲ್ಲ, ಅಂದರೆ ಅಲ್ಲಿಗೆ ಮೇಲಿನ ಹೊಸ ಮಣ್ಣು ಇಳಿದಿಲ್ಲ. ಒಂದು ಮೀಟರಿನ ಕೆಳಗೆ ಬಿರುಕೇ ಇಲ್ಲ. ಸೀಸಿಯಂ ಅಳೆಯುವ ಗಾಮಾ ಎಣಿಕೆ ಅಗ್ಗದ ಕೆಲಸ, ಪಾಳಿ ಮಾತ್ರ ಕಾಯಬೇಕು. ಇಡೀ ಯೋಜನೆಯಲ್ಲಿ ಕೊಟ್ಟ ಹಣಕ್ಕೆ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ. ಇದನ್ನು ತೋರಿಸಿದ ಮೇಲೆ ಆಕ್ಷೇಪಿಸುವವರ ದನಿ ತಗ್ಗಿತು.

ನಿಜವಾಗಿ ಹಣ ನುಂಗಿದ್ದು ಕಾಲನಿರ್ಣಯ. ಒಟ್ಟು ಹಣದಲ್ಲಿ ಅರ್ಧಕ್ಕೂ ಮೀರಿ ಇಂಗಾಲದಿಂದ ವಯಸ್ಸು ತಿಳಿಯುವ ರೇಡಿಯೋಕಾರ್ಬನ್‌ಗೆ ಹೋಯಿತು. ಹೂಳಿನ ಒಟ್ಟು ಸಾವಯವ ಇಂಗಾಲಕ್ಕೆ ಬಂದ ಮೊದಲ ವಯಸ್ಸುಗಳು ತಲೆಕೆಳಗಾಗಿದ್ದವು, ಒಂದೂವರೆ ಮೀಟರಿನದು ಎರಡು ಮೀಟರಿನದಕ್ಕಿಂತ ಹಳೆಯದು. ಹೊಸ ಬೇರುಗಳು ಕೊಳೆತು ಬರುವ ಹ್ಯೂಮಿಕ್ ಪದಾರ್ಥ ಕೆಳಕ್ಕೆ ಇಳಿಯುತ್ತದೆ, ಹಳೆಯ ಮಣ್ಣಿನ ಇಂಗಾಲ ದಂಡೆಯಿಂದ ಕೊಚ್ಚಿ ಬರುತ್ತದೆ, ಇವೆರಡರ ಸರಾಸರಿಗೆ ಅರ್ಥವಿಲ್ಲ. ಮುಂದೆ ಗಡ್ಡೆಗಳ ನಡುವಿನಿಂದ ಮಾತ್ರ, ಮೂಲೆ ಸವೆಯದ ಇದ್ದಿಲಿನ ಚೂರುಗಳನ್ನು ಮಾತ್ರ ಕಳಿಸಿದೆ. ಚೂರು ಸಿಕ್ಕುವುದೇ ಕಷ್ಟ, ಬಕೆಟ್‌ಗಟ್ಟಲೆ ಮಣ್ಣು ಜರಡಿ ಹಿಡಿಯಬೇಕು. ಆಮೇಲೆ ಕ್ರಮ ಸರಿಹೋಯಿತು. ಕೆಳಗಿನ ಮರಳು ಪದರದಲ್ಲಿ ಇದ್ದಿಲು ಇರಲಿಲ್ಲ. ಅಲ್ಲಿ ರಾತ್ರಿ ಹೊತ್ತು ಉಕ್ಕಿನ ಕೊಳವೆ ಬಡಿದು, ಬೆಳಕು ತಾಗದ ಕ್ವಾರ್ಟ್ಜ್ ತೆಗೆದು ಕಣ ಕೊನೆಯ ಬಾರಿ ಬೆಳಕು ಕಂಡು ಎಷ್ಟು ಕಾಲವಾಯಿತು ಎಂದು ಹೇಳುವ ಲ್ಯೂಮಿನೆಸೆನ್ಸ್ ವಯಸ್ಸು ಮಾಡಿಸಿದೆ. ಹನ್ನೊಂದು ಸಾವಿರ ವರ್ಷದ ಆಸುಪಾಸು ಬಂತು, ಸಾವಿರ ವರ್ಷ ಆಚೀಚೆ ಇರಬಹುದು. ಇದ್ದಿಲಿನ ಗೆರೆಯನ್ನು ಕೆಳಕ್ಕೆ ಎಳೆದರೆ ಅದೂ ಅಲ್ಲಿಗೇ ಮುಟ್ಟುತ್ತದೆ.

ಪ್ರಯೋಗಾಲಯದಲ್ಲಿ ಫೈಟೋಲಿತ್ ಬೇರ್ಪಡಿಸುವ ಕ್ರಮ ಈ ಕಸುಬಿನವರಿಗೆಲ್ಲ ಗೊತ್ತಿರುವುದೇ. ಐದು ಗ್ರಾಂ ಮಣ್ಣು, ಸುಣ್ಣ ತೆಗೆಯಲು ಆಮ್ಲ, ಸಾವಯವಕ್ಕೆ ಹೈಡ್ರೋಜನ್ ಪೆರಾಕ್ಸೈಡ್, ಜೇಡಿ ಬಿಡಿಸಲು ಹೆಕ್ಸಾಮೆಟಾಫಾಸ್ಫೇಟ್, ಕೊನೆಗೆ ಫೈಟೋಲಿತ್ ತೇಲಿಸಲು 2.3 ಸಾಂದ್ರತೆಯ ಭಾರದ ದ್ರವವಾದ ಸೋಡಿಯಂ ಪಾಲಿಟಂಗ್‌ಸ್ಟೇಟ್. ಇಂಥ ಹೂಳಿಗೆ ಮಾತ್ರ ಅನ್ವಯಿಸುವ ಎರಡು ಮಾತು ಹೇಳುತ್ತೇನೆ. ನೆನೆದು ಒಣಗುವ ಮಣ್ಣಿನಲ್ಲಿ ಮ್ಯಾಂಗನೀಸ್ ಹರಳು ಜಾಸ್ತಿ. ಪೆರಾಕ್ಸೈಡ್ ತಾಗಿದ ಕೂಡಲೇ ನೊರೆ ಉಕ್ಕಿ ಮಾದರಿ ಮೇಜಿನ ಮೇಲಿರುತ್ತದೆ, ದೊಡ್ಡ ಬೀಕರಿನಲ್ಲಿ ತಣ್ಣಗೆ ಹನಿಹನಿಯಾಗಿ ಹಾಕಿ. ಸುಣ್ಣದ ಹರಳುಗಳೂ ಇರುತ್ತವೆ. ಕ್ಯಾಲ್ಸಿಯಂ ಚೂರು ಉಳಿದರೂ ಪಾಲಿಟಂಗ್‌ಸ್ಟೇಟ್ ಕರಗದ ಬಿಳಿ ಪುಡಿಯಾಗಿ ಕೂರುತ್ತದೆ, ಆ ದ್ರವವೋ ಬಹಳ ದುಬಾರಿ. ನಲ್ಲಿ ನೀರು ಹತ್ತಿರ ಬರಕೂಡದು, ಎಲ್ಲ ತೊಳೆತವೂ ಬಟ್ಟಿ ಇಳಿಸಿದ ನೀರಿನಲ್ಲೇ. ಶೋಧಿಸಿ, ಆವಿಯಾಗಿಸಿ ಅದೇ ದ್ರವವನ್ನು ಮತ್ತೆ ಮತ್ತೆ ಬಳಸಿದೆ. ಹತ್ತರಲ್ಲಿ ಒಂದು ಪಾಲು ಮಾತ್ರ ನಷ್ಟವಾಯಿತು.

ಜೇಡಿ ತೆಗೆಯುವಾಗ ಸೆಂಟ್ರಿಫ್ಯೂಜನ್ನು ನಂಬಲಿಲ್ಲ. ಹತ್ತು ಸೆಂಟಿಮೀಟರ್ ನೀರಿನಲ್ಲಿ 5 ಮೈಕ್ರಾನಿನ ಕಣ ತಳ ಸೇರಲು ಸುಮಾರು ಒಂದೂಕಾಲು ತಾಸು. ಅಷ್ಟು ಹೊತ್ತು ಬಿಟ್ಟು ಮೇಲಿನ ಕದಡಿದ ನೀರು ಚೆಲ್ಲಬೇಕು, ನೀರು ತಿಳಿಯಾಗುವವರೆಗೆ ಹೀಗೇ ಮಾಡಬೇಕು. ಕೆಲವು ಮಾದರಿ ಎಷ್ಟು ತೊಳೆದರೂ ತಿಳಿಯಾಗುತ್ತಿರಲಿಲ್ಲ. ಅವುಗಳಿಗೆ ನಾನು ಸೇರಿಸುವ ಒಂದು ಸಣ್ಣ ಹಂತವಿದೆ. ಇನ್ನೊಂದು ಬಗೆಯ ಮಣ್ಣಿನಲ್ಲಿ ಅದನ್ನು ಪರೀಕ್ಷಿಸುವವರೆಗೆ ಹೊರಗೆ ಬಿಡುವುದಿಲ್ಲ.

ಎಣಿಕೆಯಲ್ಲೇ ಇಡೀ ಕೆಲಸ ಗೆದ್ದದ್ದು, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಟ್ವಿಸ್ ಮತ್ತು ಜೊತೆಗಾರರು 1969ರಲ್ಲಿ ಮಾಡಿದ ಹುಲ್ಲಿನ ಫೈಟೋಲಿತ್ ವಿಂಗಡಣೆ ಈಗಲೂ ಅಡಿಪಾಯ: ಡಂಬೆಲ್ ಆಕಾರ ಬಂದರೆ ತೇವದ ಬಿಸಿನಾಡಿನ ಪ್ಯಾನಿಕಾಯ್ಡ್ ಹುಲ್ಲು, ಕುದುರೆ ಜೀನಿನ ಆಕಾರ ಬಂದರೆ ಒಣನಾಡಿನ ಕ್ಲೋರಿಡಾಯ್ಡ್. ಎರಡರ ಮೊತ್ತದಲ್ಲಿ ಜೀನುಗಳ ಪಾಲು ಎಷ್ಟು ಎಂಬುದೇ ಒಣತನದ ಸೂಚ್ಯಂಕ. ಪಶ್ಚಿಮ ಆಫ್ರಿಕಾದ ಹುಲ್ಲುಗಾವಲುಗಳಲ್ಲಿ ಇದು ಚೆನ್ನಾಗಿ ಪಳಗಿದೆ. ನನ್ನ ಹೂಳಿಗೆ ಹಾಗೇ ಹಚ್ಚಿದಾಗ ಬಂದದ್ದು ಬರೀ ಗದ್ದಲ, ಮೇಲಿಂದ ಕೆಳಗಿನವರೆಗೆ ಅರ್ಥವಿಲ್ಲದ ಗರಗಸ. 'ನೋಡಿ, ಹೇಳಿದ್ದೆವಲ್ಲ' ಎಂದವರು ಈ ಹಂತದಲ್ಲಿ ಬಹಳ.

ಹೂಳನ್ನು ಬದಿಗಿಟ್ಟು ಈಗಿನ ನೆಲದ ಮಣ್ಣಿಗೆ ಹೋದೆ. ಮಳೆ ಕಡಿಮೆ ಇರುವ ಕಡೆಯಿಂದ ಹೆಚ್ಚಿರುವ ಕಡೆಗೆ ಒಂದು ಗೆರೆಯಲ್ಲಿ ಸಾಗುತ್ತ ಮೇಲ್ಮಣ್ಣಿನ ಮಾದರಿ, ಜೊತೆಗೆ ಅಲ್ಲಲ್ಲಿಯ ಹುಲ್ಲು. ಸುಮಾರು ನಲವತ್ತು ಜಾಗ ಇರಬಹುದು. ಹುಲ್ಲನ್ನು ಸುಟ್ಟು ಬೂದಿ ನೋಡಿದಾಗ ಗದ್ದಲದ ಮೂಲ ಸಿಕ್ಕಿತು. ಅರಿಸ್ಟಿಡಾ ಜಾತಿಯ ಹುಲ್ಲು ಅಪ್ಪಟ ಒಣನಾಡಿನದು, ಆದರೆ ಅದು ಕೊಡುವುದು ಡಂಬೆಲ್, ಕತ್ತು ಮಾತ್ರ ಉದ್ದ, ಸಪೂರ. ಬಿದಿರು ತೇವದ್ದು, ಆದರೆ ಅದು ಕೊಡುವುದು ಜೀನು, ಮಧ್ಯೆ ಕುಸಿದ, ಎತ್ತರದ ಜೀನು. ಎರಡೂ ಸೂಚ್ಯಂಕವನ್ನು ತಿರುಗಾಮುರುಗಾ ಎಳೆಯುತ್ತಿದ್ದವು. ಉದ್ದ ಕತ್ತಿನ ಡಂಬೆಲ್ಲನ್ನು ಒಣ ಲೆಕ್ಕಕ್ಕೆ ಹಾಕಿದೆ, ಬಿದಿರಿನ ಜೀನನ್ನು ಪೂರ್ತಿ ಹೊರಗಿಟ್ಟೆ. ಕಣವನ್ನು ಹೊರಳಿಸಿ ನೋಡದೆ ಇದು ಆಗುವುದಿಲ್ಲ, ಹಾಗಾಗಿ ಗಟ್ಟಿಯಾಗುವ ಅಂಟು ಬಿಟ್ಟು ಗ್ಲಿಸರಾಲಿನಲ್ಲಿ ಎಣಿಸಿದೆ. ಕತ್ತಿನ ಉದ್ದಕ್ಕೂ ಅಗಲಕ್ಕೂ ಯಾವ ಅನುಪಾತದಲ್ಲಿ ಗೆರೆ ಎಳೆಯುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ನೆಲದ ಸಂಖ್ಯೆ ನಿಮ್ಮ ನೆಲಕ್ಕೆ ಹೊಂದದು, ನಿಮ್ಮ ಹುಲ್ಲನ್ನು ನೀವೇ ಸುಟ್ಟು ನೋಡಬೇಕು. ತಿದ್ದಿದ ಸೂಚ್ಯಂಕ ತೇವದ ತುದಿಯಲ್ಲಿ ಹತ್ತು ಶೇಕಡದ ಹತ್ತಿರ, ಒಣ ತುದಿಯಲ್ಲಿ ಅರುವತ್ತರ ಮೇಲೆ ಬಂತು, ನಡುವೆ ಹೆಚ್ಚುಕಡಿಮೆ ನೇರ ಗೆರೆ. ಅದೇ ಲೆಕ್ಕವನ್ನು ಹೂಳಿಗೆ ಹಚ್ಚಿದಾಗ ಗರಗಸ ಹೋಗಿ ಇಳಿಜಾರು ಕಾಣಿಸಿತು.

ನಡುವೆ ಒಂದೆರಡು ಅಡ್ಡದಾರಿ ಹಿಡಿದೆ, ಎರಡೂ ಕೆಲಸಕ್ಕೆ ಬಂದವು. ಮೇಯುವ ಪ್ರಾಣಿಗಳು ದೂರದ ಹುಲ್ಲನ್ನು ತಿಂದು ನೀರಿನ ಅಂಚಿನಲ್ಲಿ ಸಗಣಿ ಹಾಕುತ್ತವಲ್ಲ, ಅದರ ಫೈಟೋಲಿತ್ ಎಷ್ಟು ಸೇರುತ್ತದೆ ಎಂದು ನೋಡಿದೆ. ಅಂಚಿನ ಹತ್ತು ಹದಿನೈದು ಮೀಟರಿನಲ್ಲಿ ಬಹಳ, ನಡುವಿನಲ್ಲಿ ಗುರುತೇ ಸಿಗದಷ್ಟು ಕಡಿಮೆ. ಇನ್ನೊಂದು ಕರಗುವಿಕೆ. ಹೊಸ ಫೈಟೋಲಿತ್‌ಗಳನ್ನು ಕ್ಷಾರದ ನೀರಿನಲ್ಲಿ ತಿಂಗಳುಗಟ್ಟಲೆ ಇಟ್ಟರೆ ಮುಳ್ಳಿನ ಉದ್ದ ಕೋಶಗಳು ಮೊದಲು ಸವೆಯುತ್ತವೆ, ಬೀಸಣಿಗೆಯಾಕಾರದ ದಪ್ಪ ಕೋಶಗಳು ಕೊನೆಯವರೆಗೆ ನಿಲ್ಲುತ್ತವೆ. ಡಂಬೆಲ್ಲಿಗೂ ಜೀನಿಗೂ ಸವೆತದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ನನಗೆ ಕಾಣಲಿಲ್ಲ, ನನಗೆ ಬೇಕಿದ್ದದ್ದೂ ಅದೇ. ಆಸ್ಟ್ರಕೋಡ್ ಎಂಬ ಸಣ್ಣ ಜಲಜೀವಿಗಳ ಚಿಪ್ಪುಗಳನ್ನೂ ಒಂದಿಷ್ಟು ಆರಿಸಿಟ್ಟಿದ್ದೇನೆ, ಆಕ್ಸಿಜನ್ ಐಸೊಟೋಪಿಗೆ. ಕೆಳಗಿನ ಮೀಟರಿನಲ್ಲಿ ಮಾತ್ರ ಸಿಕ್ಕಿವೆ.

ಎರಡನೇ ಸಾಕ್ಷ್ಯ ಇಂಗಾಲದ ಐಸೊಟೋಪು, ಅಂದರೆ ಭಾರವಾದ ಇಂಗಾಲ-13 ಒಂದು ಮಾನಕಕ್ಕಿಂತ ಸಾವಿರಕ್ಕೆ ಎಷ್ಟು ಕಡಿಮೆ ಎಂಬ ಅಳತೆ. ಮರಗಳಂಥ ಸಿ-3 ಗಿಡಗಳು ಸಾವಿರಕ್ಕೆ ಮೈನಸ್ 27ರ ಸುತ್ತ, ಗಾಳಿಯ ಇಂಗಾಲವನ್ನು ಬೇರೆ ಬಗೆಯಲ್ಲಿ ಹೀರುವ ಸಿ-4 ಹುಲ್ಲುಗಳು ಮೈನಸ್ 13ರ ಸುತ್ತ. ನನ್ನ ಹೂಳಿನ ತಳದಲ್ಲಿ ಮೈನಸ್ 22, 23 ಇದ್ದದ್ದು ಮೇಲೆ ಬರುತ್ತ ಮೈನಸ್ 15ರ ಹತ್ತಿರ ಬಂತು. ಮರ ಕಡಿಮೆಯಾಗಿ ಹುಲ್ಲು ಹೆಚ್ಚಿತು ಎಂದು ಇದು ಹೇಳಿದರೆ, ಆ ಹುಲ್ಲು ಒಣ ಹುಲ್ಲು ಎಂದು ಫೈಟೋಲಿತ್ ಹೇಳುತ್ತದೆ. ಸಿ-4 ಹುಲ್ಲು ಹೆಚ್ಚಲು ಗಾಳಿಯ ಇಂಗಾಲದ ಡೈಆಕ್ಸೈಡ್ ಇಳಿದರೂ ಸಾಕಲ್ಲ ಎಂಬ ಪ್ರಶ್ನೆ ಬಂದೇ ಬರುತ್ತದೆ. ಹಿಮಯುಗದ ಹೂಳಾದರೆ ಅದು ಸರಿ, ಆಗ ಅದು ಹತ್ತು ಲಕ್ಷಕ್ಕೆ 190ರ ಆಸುಪಾಸು ಇತ್ತು. ಕಳೆದ 11,000 ವರ್ಷಗಳಲ್ಲಿ, ಕೈಗಾರಿಕೆಗಳು ಬರುವವರೆಗೆ, ಅದು 260-280ರ ನಡುವೆ ಮಾತ್ರ ಆಡಿದೆ. ಅದೂ ಕೊನೆಯ ಏಳೆಂಟು ಸಾವಿರ ವರ್ಷ ಮೆಲ್ಲಗೆ ಏರಿದ್ದೇ ಹೊರತು ಇಳಿದದ್ದಲ್ಲ. ಆದ್ದರಿಂದ ನನ್ನ ಏರಿಕೆಗೆ ಅದು ಕಾರಣವಾಗಲಾರದು.

ಒಟ್ಟು ಚಿತ್ರ ಹೀಗಿದೆ. ಸುಮಾರು 10,000ದಿಂದ 6,000 ವರ್ಷ ಹಿಂದಿನವರೆಗೆ ತೇವ, ಆಮೇಲೆ ನಿಧಾನ ಇಳಿತ, ನಾಲ್ಕು ಸಾವಿರದ ಸುತ್ತ ಒಂದು ಹೆಚ್ಚಿನ ಕುಸಿತ, ಆ ಮೇಲೆ ಇಂದಿನ ಒಣ ಸ್ಥಿತಿ. ಭೂಮಿಯ ಅಕ್ಷದ ತೊನೆತದಿಂದ ಉತ್ತರಾರ್ಧದ ಬೇಸಿಗೆಯ ಬಿಸಿಲು 11,000 ವರ್ಷದ ಹಿಂದೆ ಗರಿಷ್ಠವಾಗಿತ್ತು. ಅದು ಮುಂಗಾರನ್ನು ಬಲಪಡಿಸಿತ್ತು ಎಂದು ಹವಾಮಾನ ವಿಜ್ಞಾನಿ ಕುಟ್ಜ್‌ಬಾಕ್ 1981ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಓಮಾನಿನ ಕುನ್ಫ್ ಗುಹೆಯಲ್ಲಿ ನೀರು ತೊಟ್ಟಿಕ್ಕಿ ಬೆಳೆದ ಸುಣ್ಣದ ಕಂಬ ಇದೇ ನಿಧಾನ ಇಳಿತವನ್ನು ಹೇಳುತ್ತದೆ. ನಾಲ್ಕು ಸಾವಿರದ ಕುಸಿತವನ್ನು ಮೇಘಾಲಯದ ಮಾವ್ಮ್ಲು ಗುಹೆಯ ಕಂಬದಿಂದ ಗುರುತಿಸಿ, 2018ರಲ್ಲಿ 4,200 ವರ್ಷದ ಹಿಂದಿನಿಂದ ಈಚಿನ ಕಾಲಕ್ಕೆ ಮೇಘಾಲಯನ್ ಎಂದೇ ಹೆಸರಿಟ್ಟರು. ನನ್ನ ಕುಸಿತ ಅದೇ ಎಂದು ನಾನು ವಾದಿಸುವುದಿಲ್ಲ. ಆ ಆಳದಲ್ಲಿ ನನ್ನ ವಯಸ್ಸಿನ ಅನಿಶ್ಚಿತತೆಯೇ ಇನ್ನೂರು ಮುನ್ನೂರು ವರ್ಷವಿದೆ, ಎಣಿಸಿದ ಮಾದರಿಗಳ ನಡುವಿನ ಅಂತರವೂ ಅಷ್ಟೇ. ಇಳಿಜಾರನ್ನು ಮಾತ್ರ ಯಾರ ಮುಂದೆಯೂ ಪಟ್ಟು ಹಿಡಿದು ಹೇಳಬಲ್ಲೆ.

ಉಳಿದ ಹಣವನ್ನು ಆ ಕುಸಿತದ ಮೇಲೆ ಹಾಕುತ್ತಿದ್ದೇನೆ. ಮೇಲಿಂದ ಎಂಬತ್ತರಿಂದ ನೂರಿಪ್ಪತ್ತು ಸೆಂಟಿಮೀಟರಿನ ಪಟ್ಟಿಯನ್ನು ಅರ್ಧ ಸೆಂಟಿಮೀಟರಿಗೊಂದರಂತೆ ಹೊಸದಾಗಿ ಕತ್ತರಿಸಿದ್ದಾಗಿದೆ. ಬಿರುಕಿನ ತುದಿ ಅಲ್ಲಿಗೆ ಹತ್ತಿರವಿರುವುದರಿಂದ ಪ್ರತಿ ತುಂಡೂ ಗಡ್ಡೆಯ ನಡುವಿನದು. ಇದ್ದಿಲಿನ ನಾಲ್ಕೈದು ಚೂರುಗಳು ಈಗಾಗಲೇ ಸಿಕ್ಕಿವೆ. ವಯಸ್ಸು ಬಂದ ಮೇಲೆ ಎಣಿಕೆ ಶುರು ಮಾಡುತ್ತೇನೆ, ಮೊದಲೇ ಅಲ್ಲ.